ಕೈ ಅವನದು, ಅವನನ್ನೇ ಕೇಳ್ರಿ

ಮೊನ್ನೆ ಮಂಗಳವಾರ ಮಧ್ಯಾಹ್ನ ನನ್ನ ಮೊಮ್ಮಗಳು ನೀಲಾ ಬೂಟನ್ನೂ ಬಿಚ್ಚದೆ ಅಡಿಗೆಮನೆಯವರೆಗೆ ಓಡಿಬಂದಳು. "ಅಜ್ಜಾ, ಐ ಗಾಟ್ ಇಟ್! ದೇ ಟುಕ್ ಮೀ!" ಎನ್ನುತ್ತ ನನ್ನನ್ನು ಕುರ್ಚಿಸಮೇತ ಅಪ್ಪಿಕೊಂಡಳು. ಬೇಸ್‌ಬಾಲ್ ತಂಡವೊಂದರಲ್ಲಿ ಆಟಗಾರರ ಮೈಕೈ ನೋಡಿಕೊಳ್ಳುವ ಟ್ರೈನರ್ ಕೆಲಸ ಸಿಕ್ಕಿತ್ತು. ನಾನು ಮೂವತ್ತು ವರ್ಷ ಮಾಡಿದ ಕೆಲಸವೇ. ಅದಕ್ಕಾಗಿ ಅವಳು ಆರು ವರ್ಷ ಕಾಲೇಜಿನಲ್ಲಿ ಓದಿದಳು. ನಾನು ಧಾರವಾಡದಲ್ಲಿ ನಾಲ್ಕನೆಯ ಇಯತ್ತೆಗೇ ಶಾಲೆ ಬಿಟ್ಟವನು.

ಅಂದಿನಿಂದ ನನ್ನ ಬಾಯಿ ನಿಂತಿಲ್ಲ. ಪೆಟ್ರೋಲ್ ಹಾಕುವ ಹುಡುಗನಿಗೆ ಹೇಳಿದೆ. ಇಂಡಿಯನ್ ಅಂಗಡಿಯಲ್ಲಿ ಮೆಂತ್ಯಸೊಪ್ಪು ಆರಿಸುತ್ತಿದ್ದ ಹೆಂಗಸಿಗೆ ಹೇಳಿದೆ. ಅವರು ಪಾಪ "ಕಂಗ್ರಾಜುಲೇಷನ್ಸ್ ಅಂಕಲ್" ಎಂದು ನಕ್ಕು ಸೊಪ್ಪು ಬಿಟ್ಟು ಹೋದರು. ಕಡೆಗೆ ನನ್ನ ಮಗಳು ಸಾವಿತ್ರಿ, "ಅಪ್ಪಾ, ಬ್ರಿಡ್ಜ್‌ವಾಟರ್ ಊರ ತುಂಬ ಡಂಗುರ ಹೊಡಿಯೂದು ಬಿಡು. ನೀಲಾಗ ಏನ್ ಹೇಳೂದೈತಿ ಅದನ್ನ ಬರದಿಡು" ಎಂದಳು. ನೀಲಾಳಿಗೆ ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ಬರುವುದಿಲ್ಲ. "ನಾ ಓದಿ ಹೇಳ್ತೀನಿ, ನೀ ಬರಿ" ಎಂದಳು ಸಾವಿತ್ರಿ. ಅದಕ್ಕೇ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿವೆ. ಹೇಳುವುದು ಸೊಟ್ಟಗಿಲ್ಲ.

ನಾನು ಕಲಿತ ವಿದ್ಯೆ ಒಂದೇ, ಮಾಲೀಸು. ಧಾರವಾಡದ ಗರಡಿಮನೆಯಲ್ಲಿ ಹನ್ನೆರಡನೆಯ ವಯಸ್ಸಿನಿಂದ ಪೈಲ್ವಾನರ ಮೈ ತಿಕ್ಕಿದೆ. ಅಲ್ಲಿ ಹೆಸರು ಮಾಡಿದ ಮೇಲೆ ಊರಿನ ಒಬ್ಬ ಡಾಕ್ಟರ್ ಸಾಹೇಬರು ತಮ್ಮ ತಾಯಿಯ ಮೊಣಕಾಲಿಗೂ ಎಣ್ಣೆ ತಿಕ್ಕಲು ಕರೆಸಿಕೊಂಡರು. ಆ ತಾಯಿಯನ್ನು ಎಲ್ಲರೂ ಅವ್ವಾರು ಎನ್ನುತ್ತಿದ್ದೆವು. ಡಾಕ್ಟರಿಗೆ ನ್ಯೂಜೆರ್ಸಿಯ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿದಾಗ ಅವ್ವಾರು ಹಟ ಹಿಡಿದು ಕೂತರು: "ಯಲ್ಲಪ್ಪ ಬಂದ್ರ ನಾ ಬರ್ತೀನಿ. ಇಲ್ಲಾಂದ್ರ ನನ್ನ ಮೊಣಕಾಲು ಇಲ್ಲೇ ಇರ್ತಾವು, ನೀ ಹೋಗು." ಹೀಗೆ ಅರವತ್ತರ ದಶಕದ ಕಡೆಯಲ್ಲಿ, ಒಂದು ಮುದುಕಿಯ ಮೊಣಕಾಲಿನ ಪುಣ್ಯದಿಂದ, ನಾನು ನ್ಯೂಜೆರ್ಸಿಯ ಹೋಬೋಕನ್ ಊರಿಗೆ, ಡಾಕ್ಟರ ಮನೆಗೇ ಬಂದು ಉಳಿದೆ. ಹೆಂಡತಿ ಎರಡು ವರ್ಷದ ನಂತರ ಬಂದಳು.

ಪಕ್ಕದ ಊರಿನಲ್ಲಿ ಒಂದು ಹಳೆಯ ಮೈದಾನವಿತ್ತು. ದೊಡ್ಡ ಲೀಗಿಗಿಂತ ಎರಡು ಮೆಟ್ಟಿಲು ಕೆಳಗಿನ ತಂಡ ಅಲ್ಲಿ ಆಡುತ್ತಿತ್ತು. ಮೇಲೆ ಹೋಗುವ ಆಸೆಯ ಹುಡುಗರು ಮತ್ತು ಮೇಲಿನಿಂದ ಕೆಳಗೆ ಬಂದ ಗಂಡಸರು, ಇಬ್ಬರೂ ಒಂದೇ ಬೆಂಚಿನ ಮೇಲೆ ಕೂಡುವ ಜಾಗ. ತಂಡದ ಟ್ರೈನರ್ ಗಸ್ ಎಂಬ ದಪ್ಪ ಮನುಷ್ಯ ಮಣಿಕಟ್ಟು ಮುರಿದುಕೊಂಡು ನಮ್ಮ ಡಾಕ್ಟರ ಹತ್ತಿರ ಬಂದ. ಆಟಗಾರರ ಕೈ ತಿಕ್ಕಲು ಯಾರೂ ಇಲ್ಲ ಎಂದು ಅತ್ತುಕೊಂಡ. ಡಾಕ್ಟರು, "ನಮ್ಮ ಮನಿಯೊಳಗ ಒಬ್ಬಾವ ಇದ್ದಾನ" ಎಂದರು. ಗಸ್‌ನ ಕೈ ಕೂಡಿಕೊಂಡಿತು, ನಾನು ಮಾತ್ರ ಅಲ್ಲೇ ಉಳಿದೆ.

ಒಂದು ಮಾತು. ಅವರೆಲ್ಲ ಆಡಿದ್ದು ಇಂಗ್ಲಿಷಿನಲ್ಲಿ. ನನಗೆ ಅದು ನನ್ನ ಊರಿನ ಮಾತಿನಂತೆಯೇ ಕೇಳಿಸುತ್ತಿತ್ತು. ಹಾಗೆಯೇ ಬರೆಯುತ್ತೇನೆ.

ಮೊದಲ ವಾರದ ಅವಾಂತರ ಹೇಳಿಬಿಡುತ್ತೇನೆ, ಹೊಸದಾಗಿ ಕೆಲಸಕ್ಕೆ ಸೇರುವವರಿಗೆ ಧೈರ್ಯ ಬರಲಿ. ಬೇಸ್‌ಬಾಲಿನಲ್ಲಿ ಚೆಂಡು ಎಸೆಯುವವನಿಗೆ ಪಿಚರ್ ಎನ್ನುತ್ತಾರೆ. ನಮ್ಮ ಕ್ರಿಕೆಟ್ ಬೌಲರಿನ ಹಾಗೆ ಓಡಿಬರುವುದಿಲ್ಲ. ಮಣ್ಣಿನ ಸಣ್ಣ ದಿಬ್ಬದ ಮೇಲೆ ನಿಂತು ಮೊಣಕೈ ಮಡಿಸಿ ಕವಣೆಯಂತೆ ಬೀಸುತ್ತಾನೆ. ತಂಡದ ಆಟವೆಲ್ಲ ಆ ಒಂದು ಕೈಯ ಮೇಲೆ. ಅಂತಹ ಕೈ ನನ್ನ ಮುಂದೆ ಬಂದಾಗ ನಾನು ಗರಡಿಯ ಪದ್ಧತಿಯಂತೆ ಅದನ್ನು ಕಣ್ಣಿಗೆ ಒತ್ತಿಕೊಂಡೆ. ಬೆಚ್ಚಗೆ ಮಾಡಿದ ಕುಸುಬೆ ಎಣ್ಣೆಯನ್ನು ಭುಜದಿಂದ ಬೆರಳ ತುದಿಯವರೆಗೆ ಹಚ್ಚಿದೆ. ಕುಸ್ತಿಗೆ ಮೊದಲು ಎಣ್ಣೆ ಹಚ್ಚುವುದು ನನಗೆ ಗೊತ್ತಿದ್ದ ಒಂದೇ ಶಾಸ್ತ್ರ.

ಅವನು ಎಸೆದ ಮೊದಲ ಚೆಂಡು ಕೈ ಜಾರಿ, ಹಿಂದಿನ ಬಲೆಯನ್ನೂ ದಾಟಿ ಜನರ ನಡುವೆ ಹೋಗಿ ಬಿತ್ತು. ಎರಡನೆಯದೂ ಹಾಗೆಯೇ. ಅಂಪೈರ್ ಚೆಂಡು ತರಿಸಿ ಮೂಸಿ ನೋಡಿದ. "ಇದೇನಲೇ, ಯಾರೋ ಒಗ್ಗರಣಿ ಹಾಕ್ಯಾರ ಇದಕ್ಕ?" ಚೆಂಡಿಗೆ ಏನನ್ನಾದರೂ ಸವರುವುದು ಆ ಆಟದಲ್ಲಿ ದೊಡ್ಡ ಮೋಸ. ಪಿಚರನ್ನು ಮೈದಾನದಿಂದ ಹೊರಗೆ ಕಳಿಸಿದರು. ಗಸ್ ನನ್ನ ಎಣ್ಣೆ ಬಾಟಲಿಯನ್ನು ಎರಡು ಬೆರಳಲ್ಲಿ ಹಿಡಿದು, "ಯಲ್, ಇದು ಆಟ ಮುಗದ ಮ್ಯಾಲೆ. ಆಟಕ್ಕ ಮೊದಲು ಹಚ್ಚಿದಿ ಅಂದ್ರ ನಿನ್ನನ್ನ ಇದ್ರಾಗ ಕರೀತೀನಿ" ಎಂದ. ಅಂದಿನಿಂದ ಆಟಕ್ಕೆ ಮೊದಲು ಒಣ ಕೈ, ಆಟದ ನಂತರ ಎಣ್ಣೆ. ಆ ಪಿಚರ್ ಮಾತ್ರ ನನ್ನನ್ನು ವರ್ಷವಿಡೀ "ಒಗ್ಗರಣಿ" ಅಂತಲೇ ಕರೆದ.

ಈಗ ವಿನ್ನಿಯ ಕಥೆ. ನೀಲಾ, ಇದನ್ನು ಗಮನವಿಟ್ಟು ಕೇಳು. ನನ್ನ ಕೆಲಸದಲ್ಲಿ ನಾನು ಮಾಡಿದ ದೊಡ್ಡ ತಪ್ಪು ಇದರಲ್ಲಿದೆ.

ವಿನ್ನಿ ಹೋಬೋಕನ್ನಿನವನೇ, ನಮ್ಮ ಮನೆಯಿಂದ ನಾಲ್ಕು ಬೀದಿ ಆಚೆ. ಅವನ ಅಪ್ಪ ಹಡಗುಕಟ್ಟೆಯಲ್ಲಿ ಸರಕು ಇಳಿಸುವವನು. ಆ ವರ್ಷಗಳಲ್ಲಿ ಹಡಗುಗಳೆಲ್ಲ ಬೇರೆ ಬಂದರಿಗೆ ಹೋಗಿ ಹೋಬೋಕನ್ನಿನ ಕಟ್ಟೆ ಖಾಲಿಯಾಗುತ್ತಿತ್ತು. ವಿನ್ನಿಗೆ ಹತ್ತೊಂಬತ್ತು. ಎಸೆದರೆ ಹಿಡಿಯುವವನ ಚರ್ಮದ ಗವಸಿನಿಂದ ಬಂದೂಕಿನ ಸದ್ದು ಬರುತ್ತಿತ್ತು. "ಯಲ್, ನನ್ನ ಹತ್ರ ಇರೂದು ಇದೊಂದ ಕೈ. ಇದು ಹೋತಂದ್ರ ನಾನೂ ಗೋದಾಮಿನಾಗ ಪೆಟ್ಟಿಗಿ ಹೊರಬೇಕು" ಎಂದು ಮೇಜಿನ ಮೇಲೆ ಕೈ ಚಾಚಿ ಮಲಗುತ್ತಿದ್ದ. ಮಾಲೀಸು ಮಾಡುವಾಗ ನಿದ್ದೆ ಹೋಗುತ್ತಿದ್ದ ಆಟಗಾರ ಅವನೊಬ್ಬನೇ. ನನ್ನನ್ನು ಅಷ್ಟು ನಂಬಿದ್ದ.

ಅವನ ಎರಡನೆಯ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ನೋಡುತ್ತೇನೆ, ಅವನು ಎಡಗೈಯಿಂದ ತಲೆ ಬಾಚುತ್ತಿದ್ದಾನೆ. ಮರುದಿನ ಕಾಫಿ ಲೋಟವೂ ಎಡಗೈಯಲ್ಲಿ. ಮೈ ಮುಟ್ಟುವ ಮೊದಲು ಮನುಷ್ಯ ಬಾಚಣಿಗೆ ಹ್ಯಾಗೆ ಹಿಡಿದಿದ್ದಾನೆ ನೋಡು, ಇದು ನಮ್ಮ ವಸ್ತಾದರು, ಅಂದರೆ ಗರಡಿಯ ಗುರುಗಳು ಕಲಿಸಿದ್ದು. ಅಂದು ಅವನ ಬಲ ಮೊಣಕೈಯ ಒಳಬದಿಗೆ ಹೆಬ್ಬೆರಳು ಇಟ್ಟೆ. ಹಳೆಯ ಹಗ್ಗದ ಎಳೆ ಬಿಚ್ಚಿಕೊಂಡ ಹಾಗೆ ಏನೋ ಒರಟಾಗಿ ಬೆರಳಿಗೆ ಸಿಕ್ಕಿತು. ವಿನ್ನಿ ಕಣ್ಣು ಬಿಟ್ಟ.

"ಏನೂ ಇಲ್ಲ ಅಲ್ಲಿ" ಎಂದ.

"ಐತಿ, ತಮ್ಮಾ."

"ಏನೂ ಇಲ್ಲಂದ್ನೆಲ್ಲ. ತಿಕ್ಕು ಸುಮ್ನ."

ನಮ್ಮ ಗರಡಿಯಲ್ಲಿ ಒಂದು ಕಟ್ಟಳೆ. ಮಾಲೀಸು ಮಾಡುವವನ ಬೆರಳಿಗೆ ಸಿಕ್ಕಿದ್ದು ವಸ್ತಾದರಿಗೆ ತಿಳಿಯಲೇಬೇಕು, ಪೈಲ್ವಾನ ಬೇಡವೆಂದರೂ. ತಿಳಿದರೆ ವಸ್ತಾದರು ಅವನ ಕುಸ್ತಿ ನಿಲ್ಲಿಸಿ, ತಮ್ಮ ಮನೆಯಿಂದ ಹಾಲು ಬಾದಾಮಿ ಕಳಿಸಿ, ಗುಣವಾಗುವವರೆಗೆ ಮಗನ ಹಾಗೆ ನೋಡಿಕೊಳ್ಳುತ್ತಿದ್ದರು. ಅಲ್ಲಿ ಬಾಯಿ ಮುಚ್ಚಿಕೊಂಡರೆ ಅದು ದ್ರೋಹ. ನನ್ನ ಲೆಕ್ಕದಲ್ಲಿ ಈ ತಂಡದ ವಸ್ತಾದನೆಂದರೆ ತಂಡವನ್ನು ಆಡಿಸುವ ಮ್ಯಾನೇಜರ್ ಮ್ಯಾಕ್. ಕೆನ್ನೆಯಲ್ಲಿ ಯಾವಾಗಲೂ ತಂಬಾಕಿನ ಉಂಡೆ ಇಟ್ಟುಕೊಂಡ ಅರವತ್ತರ ಮುದುಕ. ಸೀದಾ ಅವನ ಕೋಣೆಗೆ ಹೋದೆ. "ವಿನ್ನಿ ಮೊಣಕೈಯೊಳಗ ಎಳಿ ಬಿಟ್ಟೈತ್ರಿ. ಮೂರು ತಿಂಗಳ ಎಸಿಬಾರದು" ಎಂದೆ.

ಮ್ಯಾಕ್ ಎದ್ದು ನಿಂತು ನನ್ನ ಕೈ ಕುಲುಕಿದ. "ಥ್ಯಾಂಕ್ಯೂ ಯಲ್. ಛಲೋ ಮಾಡಿದಿ" ಎಂದ. ನಾನು ಹಿಗ್ಗಿಕೊಂಡು ಮನೆಗೆ ಹೋದೆ. ಅವ್ವಾರಿಗೆ, "ವಿನ್ನಿಗೆ ಇನ್ ಮ್ಯಾಲೆ ಹಾಲು ಬಾದಾಮಿ" ಎಂದೂ ಹೇಳಿದೆ.

ಎರಡು ದಿನ ಬಿಟ್ಟು ಹೋದಾಗ ವಿನ್ನಿಯ ಕಪಾಟಿನ ಮೇಲಿನ ಹೆಸರಿನ ಪಟ್ಟಿ ಕಿತ್ತಿದ್ದರು. ಅವನು ಬೂಟುಗಳನ್ನು ಕಾಗದದ ಚೀಲಕ್ಕೆ ತುಂಬುತ್ತಿದ್ದ. ತಂಡದಿಂದ ತೆಗೆದುಹಾಕಿದ್ದರು. ಮುರಿದ ಕೈಗೆ ಇಲ್ಲಿ ಹಾಲಿಲ್ಲ, ಬಾಗಿಲಿದೆ. ಆಟಗಾರರು ನೋವನ್ನು ಮುಚ್ಚಿಡುವುದು ಅದಕ್ಕೇ. ಗಸ್‌ಗೆ ಇದು ಗೊತ್ತಿತ್ತು, ಎಲ್ಲರಿಗೂ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ.

"ಮ್ಯಾಕ್‌ಗ ಯಾರ್ ಹೇಳಿದ್ರು?" ಎಂದು ವಿನ್ನಿ ಇಡೀ ಕೋಣೆಗೆ ಕೇಳಿಸುವ ಹಾಗೆ ಕೇಳಿದ.

"ನಾನ ಹೇಳಿದೆ" ಎಂದೆ.

ಬೈದಿದ್ದರೆ ಚೆನ್ನಾಗಿತ್ತು. ಅವನು ಬೈಯಲಿಲ್ಲ. "ನಿನ್ನ ಮುಂದ ನಾ ನಿದ್ದಿ ಮಾಡ್ತಿದ್ದೆ, ಯಲ್" ಎಂದಷ್ಟೇ ಹೇಳಿ ಚೀಲ ಎತ್ತಿಕೊಂಡು ಹೋದ.

ಆ ರಾತ್ರಿಯ ಊಟ ನನಗೆ ಸೇರಲಿಲ್ಲ. ಮರುದಿನವೂ ತಟ್ಟೆ ಸರಿಸಿದ್ದನ್ನು ನೋಡಿ ಅವ್ವಾರು ಕೋಲು ಕುಟ್ಟಿದರು: "ನೀ ಉಪಾಸ ಬಿದ್ರ ಅವನ ಕೈ ನೆಟ್ಟಗಾಗ್ತದೇನು? ತಪ್ಪು ಮಾಡಿದಿ, ಹೌದು. ಎದ್ದು ಹೋಗು. ಕೈ ಕೆಡಿಸಿದಾವ ಕೈ ಸುದ್ದ ಮಾಡು."

"ಕೈ ನಾ ಕೆಡಿಸಿಲ್ರಿ ಅವ್ವಾರ."

"ಕೆಲಸಾ ಕಳದಿ ಇಲ್ಲೋ? ಎರಡೂ ಒಂದ. ಹೋಗು."

ಹೋದೆ. ವಿನ್ನಿ ಆಗಲೇ ಗೋದಾಮಿನಲ್ಲಿ ಪೆಟ್ಟಿಗೆ ಹೊರುತ್ತಿದ್ದ. ಮೊದಲ ದಿನ ಬಾಗಿಲು ತೆಗೆಯಲಿಲ್ಲ. ಎರಡನೆಯ ದಿನ ತೆಗೆದು ಮುಚ್ಚಿದ. ನಾನು ದಿನವೂ ಕೆಲಸ ಮುಗಿಸಿ ಅವನ ಮನೆಯ ಮೆಟ್ಟಿಲ ಮೇಲೆ ಕೂಡತೊಡಗಿದೆ. ಏಳನೆಯ ದಿನ ಅವನು ಬಂದು ಪಕ್ಕದಲ್ಲಿ ಕೂತ. "ನಿನಗ ಬ್ಯಾರೆ ಕೆಲಸ ಇಲ್ಲೇನು?"

"ಐತಿ. ಅದನ್ನ ಮಾಡಾಕ ಬಂದೀನಿ. ಪೆಟ್ಟಿಗಿ ಹೊರೂದು ಬಿಡು. ಚಳಿಗಾಲ ಪೂರಾ ಚೆಂಡು ಮುಟ್ಟಬ್ಯಾಡ. ಬೇಸಿಗಿಗೆ ನೀ ಎಸೀತಿ."

"ಎಸೀಲಿಲ್ಲಾಂದ್ರ?"

"ಆಗ ನನ್ನ ಬೈಯಿ. ಈಗಂತೂ ಬೈದಿಲ್ಲ, ಅದೂ ಬಾಕಿ ಐತಿ."

ಅವನು ನಕ್ಕ. ನಗು ಬಂತೆಂದರೆ ಅರ್ಧ ಕೆಲಸ ಆಯಿತೆಂದು ಲೆಕ್ಕ.

ಡಾಕ್ಟರು ಎಕ್ಸ್-ರೇ ತೆಗೆಸಿ, ಕೈಯನ್ನು ಆ ಕಡೆ ಈ ಕಡೆ ಬಗ್ಗಿಸಿ ನೋಡಿದರು. "ಪೂರಾ ಹರದಿಲ್ಲ. ಸುಮ್ನ ಬಿಟ್ರ ಕೂಡೀತು. ಆದ್ರ ಮೊದಲಿನಂಗ ಇಡೀ ಆಟ ಎಸಿಯೂದು ಕಷ್ಟ" ಎಂದರು. ಅಂತಹ ಕೈಯನ್ನು ಕೊಯ್ದು ಸರಿಮಾಡುವ ವಿದ್ಯೆ ಆಗಿನ್ನೂ ನಮ್ಮವರೆಗೆ ಬಂದಿರಲಿಲ್ಲ. ಗಸ್ ನಮ್ಮ ಮನೆಗೆ ಒಂದು ತಗಡಿನ ಬಕೆಟ್ ತಂದಿಟ್ಟು, ಈಗ ಎಲ್ಲ ಕಡೆ ಮೊಣಕೈಯನ್ನು ಮಂಜುಗಡ್ಡೆಯಲ್ಲಿ ಇಡುತ್ತಿದ್ದಾರೆ ಎಂದ. ನಾನು ಒಪ್ಪಲಿಲ್ಲ. ನೊಂದ ಸ್ನಾಯುವಿಗೆ ಥಂಡಿ ತಾಗಿಸುವುದು ನಮ್ಮಲ್ಲಿ ಕೊಲೆಗೆ ಸಮ. ಗಸ್, "ನಿನ್ನ ಕೈ ಇಟ್ಟು ನೋಡು" ಎಂದ. ಹಟಕ್ಕೆ ಬಿದ್ದು ಇಟ್ಟೆ. ಐದು ನಿಮಿಷ ಉರಿಯಿತು, ಆಮೇಲೆ ಕೈ ಇದೆಯೋ ಇಲ್ಲವೋ ತಿಳಿಯಲಿಲ್ಲ. ತೆಗೆದಾಗ ಇಪ್ಪತ್ತು ವರ್ಷ ತಿಕ್ಕಿ ತಿಕ್ಕಿ ಊದಿದ್ದ ನನ್ನ ಬೆರಳ ಗಂಟುಗಳು ಇಳಿದಿದ್ದವು. ಸೋತೆ. ಬಾವು ಬಂದಿದ್ದರೆ ಮಂಜು, ಬಿಗಿದಿದ್ದರೆ ಎಣ್ಣೆ ಎಂದು ಅಂದು ಒಪ್ಪಿಕೊಂಡೆ. ಹೊಸದು ಬಂದಾಗ ಬೈಯುವ ಮೊದಲು ನಿನ್ನ ಮೈಯ ಮೇಲೇ ನೋಡು, ನೀಲಾ. ನಿನ್ನ ಕಾಲದಲ್ಲಿ ಇನ್ನೂ ಏನೇನು ಬರುತ್ತದೋ.

ಚಳಿಗಾಲವೆಲ್ಲ ಡಾಕ್ಟರ ಮನೆಯ ಬೇಸ್‌ಮೆಂಟೇ ಗರಡಿ. ಕೈಗೆ ಪೂರ್ತಿ ರಜೆ. ಕೈ ಎಸೆಯುವುದು ಕಾಲಿನಿಂದ, ಸೊಂಟದಿಂದ. ಕಾಲು ಸೋತವನು ಕೈಯನ್ನು ಹಿಂಸಿಸುತ್ತಾನೆ. ಆದ್ದರಿಂದ ಬಸ್ಕಿ. ಮೊದಲ ದಿನ ಮೂವತ್ತಕ್ಕೆ ವಿನ್ನಿ ನೆಲಕ್ಕೆ ಬಿದ್ದ. ಅವ್ವಾರು ಕಂಬಳಿ ಹೊದ್ದು ಕುರ್ಚಿ ಹಾಕಿಸಿಕೊಂಡು ಎಣಿಸುತ್ತಿದ್ದರು, ಕನ್ನಡದಲ್ಲೇ. ಅವನು ಒಂದನ್ನು ಅರ್ಧಕ್ಕೆ ಬಿಟ್ಟರೆ ಅವ್ವಾರೂ ಎಣಿಕೆಯಲ್ಲಿ ಅಲ್ಲೇ ನಿಲ್ಲುತ್ತಿದ್ದರು. "ನಲವತ್ತೊಂದು... ನಲವತ್ತೊಂದು... ಏ, ಪೂರಾ ಕೂಡೋ, ಹಡಗಿನವನ ಮಗನ! ನಲವತ್ತೊಂದು." ಸಂಕ್ರಾಂತಿಯ ಹೊತ್ತಿಗೆ ವಿನ್ನಿ ಮುನ್ನೂರು ಬಸ್ಕಿ ಹೊಡೆಯುತ್ತಿದ್ದ. ಕನ್ನಡದಲ್ಲಿ ಮುನ್ನೂರರವರೆಗೆ ಎಣಿಸುತ್ತಿದ್ದ. ಅದರ ಮೇಲೆ ಎಳ್ಳು ಬೆಲ್ಲ ತಿಂದು ಹೋಗುತ್ತಿದ್ದ.

ಮಂಜು ಕರಗಿದ ಮೇಲೆ ನದಿಯ ದಂಡೆಯಲ್ಲಿ, ಖಾಲಿ ಗೋದಾಮಿನ ಗೋಡೆಗೆ ಮೊದಲ ಎಸೆತ. ಚೆಂಡಲ್ಲ, ಒದ್ದೆ ಕಾಲುಚೀಲದ ಉಂಡೆ. ವಾರ ಕಳೆದು ಚೆಂಡು, ಹತ್ತು ಹೆಜ್ಜೆಯಿಂದ. ಮತ್ತೆ ವಾರ, ಇಪ್ಪತ್ತು ಹೆಜ್ಜೆ. ಪ್ರತಿಸಲ ಮುಟ್ಟುವ ಮೊದಲು ನಾನು ಒಂದು ಮಾತು ಕೇಳತೊಡಗಿದೆ: "ವಿನ್ನಿ, ಇಲ್ಲಿ ನಂಗ ಏನಾರ ಸಿಕ್ತು ಅಂದ್ರ ಯಾರಿಗೆ ಹೇಳ್ಲಿ?"

"ನಂಗ. ಮೊದಲು ನಂಗಷ್ಟ."

"ಆತು."

ಇಷ್ಟೇ. ಆಮೇಲೆ ಇಡೀ ಜೀವಮಾನ, ಯಾವ ಆಟಗಾರನ ಮೈ ಮುಟ್ಟುವ ಮೊದಲೂ ಇದನ್ನು ಕೇಳಿದ್ದೇನೆ. ಗಸ್ ಮೊದಮೊದಲು ನಗುತ್ತಿದ್ದ. ಕೆಲವು ವರ್ಷದ ಮೇಲೆ ಅವನೂ ಕೇಳುತ್ತಿದ್ದ.

ವಸಂತದಲ್ಲಿ ತಂಡ ಹೊಸ ಆಟಗಾರರನ್ನು ಕರೆದು ನೋಡುವ ದಿನ ವಿನ್ನಿಯೂ ಸಾಲಿನಲ್ಲಿ ನಿಂತ. ಹನ್ನೆರಡು ಚೆಂಡು ಎಸೆದ. ಗವಸಿನಿಂದ ಮತ್ತೆ ಆ ಬಂದೂಕಿನ ಸದ್ದು. ಎಲ್ಲರೂ ತಿರುಗಿ ನೋಡಿದರು. ಮ್ಯಾಕ್ ತಂಬಾಕು ಉಗುಳಿ ನನ್ನ ಕಡೆ ಬಂದ. ಸಾಲಿನಲ್ಲಿದ್ದ ಹುಡುಗರೆಲ್ಲ ಕಿವಿಯಾಗಿ ನಿಂತರು.

"ಯಲ್, ಹೋದ ವರ್ಷ ನಿನ್ನ ಬೆರಳು ಖರೇ ಹೇಳಿದ್ವು. ಈ ವರ್ಷ ಏನಂತಾವು? ಅವನ ಕೈ ಹ್ಯಾಂಗೈತಿ?"

ಚೆನ್ನಾಗಿದೆ ಎಂದರೆ ಸುಳ್ಳು, ಇಡೀ ಆಟ ಎಸೆಸಿ ಮತ್ತೆ ಹರಿಯುತ್ತಾರೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಅವನಿಗೆ ಮತ್ತೆ ಗೋದಾಮು.

"ಕೈ ಅವನದು, ಅವನನ್ನೇ ಕೇಳ್ರಿ" ಎಂದೆ.

"ನಾ ನಿನ್ನ ಕೇಳಾಕತ್ತೀನಿ. ಪಗಾರ ತಗೋಳಾವ ನೀನು."

"ಹಂಗಿದ್ರ ನನ್ನ ತಗದ್ ಹಾಕ್ರಿ. ಕೈ ಮಾತ್ರ ಅವನ್ದ."

ಅಷ್ಟು ಹೊತ್ತಿಗೆ ನನ್ನ ಹೆಂಡತಿಗೆ ಏಳು ತಿಂಗಳು, ಹೊಟ್ಟೆಯಲ್ಲಿ ಸಾವಿತ್ರಿ. ಆ ಮಾತು ಬಾಯಿಂದ ಹೊರಗೆ ಬಿದ್ದ ಮೇಲೆ ಅದು ನೆನಪಾಯಿತು. ನೆನಪಾದರೂ ಮಾತು ಹಿಂತೆಗೆದುಕೊಳ್ಳಲಿಲ್ಲ. ಒಂದು ಸಲ ತಪ್ಪು ಮಾಡಿದ್ದೆ, ಸಾಕಾಗಿತ್ತು.

ಆಗ ವಿನ್ನಿ ದಿಬ್ಬದಿಂದ ಇಳಿದು ಬಂದ. "ಮ್ಯಾಕ್, ನಾನ ಹೇಳ್ತೀನಿ. ಮೊಣಕೈ ಹರದಿತ್ತು, ಕೂಡೇತಿ. ಇಡೀ ಆಟ ನನ್ನಿಂದ ಆಗೂದಿಲ್ಲ. ಆಟದ ಕಡೀ ಭಾಗದಾಗ ನನ್ನ ಇಳಸು. ಮೂವತ್ತು ಚೆಂಡು. ಅಷ್ಟ್ರಾಗ ಯಾರನ್ನೂ ಮುಟ್ಟಗೊಡೂದಿಲ್ಲ. ಮೂವತ್ತೊಂದನೇದು ಕೇಳಿದ್ರ ಹೋಗ್ತೀನಿ."

ಕಡೆಯ ಹೊತ್ತಿಗಷ್ಟೇ ಇಳಿದು ಎಸೆಯುವವರನ್ನು ಆಗಿನ್ನೂ ಎರಡನೆಯ ದರ್ಜೆಯವರಂತೆ ನೋಡುತ್ತಿದ್ದರು. ಆ ಕೆಲಸಕ್ಕೆ ಬೆಲೆ ಬರತೊಡಗಿದ ಕಾಲವೂ ಅದೇ. ಮ್ಯಾಕ್ ತಂಬಾಕಿನ ಉಂಡೆಯನ್ನು ಒಂದು ಕೆನ್ನೆಯಿಂದ ಇನ್ನೊಂದಕ್ಕೆ ಸರಿಸಿದ. "ತನ್ನ ಕೈಲೆ ಆಗೂದು ಇಷ್ಟ ಅಂತ ತಾನ ಹೇಳಿದ ಪಿಚರನ್ನ ನಾ ಇವತ್ತಿನ ತನಕಾ ಕಂಡಿಲ್ಲ" ಎಂದ. ಆಮೇಲೆ ನನ್ನ ಕಡೆ ತಿರುಗಿ, "ನೀ ಏನ್ ನೋಡ್ತಿ? ಮಂಜಿನ ಬಕೆಟ್ ತಗೊಂಡು ಬಾ" ಎಂದ.

ವಿನ್ನಿ ಆಮೇಲೆ ಆರು ಬೇಸಿಗೆ ಎಸೆದ. ದೊಡ್ಡ ಲೀಗಿನಲ್ಲಿ ಒಂದೇ ತಿಂಗಳು, ಯಾರದೋ ಕೈ ಕೆಟ್ಟಾಗ ಕರೆಸಿಕೊಂಡಿದ್ದರು. ಆ ತಿಂಗಳಲ್ಲಿ ನ್ಯೂಯಾರ್ಕಿನ ದೊಡ್ಡ ಮೈದಾನದಲ್ಲಿ ಅವನು ದಿಬ್ಬ ಹತ್ತುವಾಗ ನಾನು ಅವ್ವಾರನ್ನು ಕರೆದುಕೊಂಡು ಮೇಲಿನ ಸಾಲಿನಲ್ಲಿ ಕೂತಿದ್ದೆ. ಅವ್ವಾರು ಚೆಂಡು ಚೆಂಡಿಗೂ ಗಟ್ಟಿಯಾಗಿ ಎಣಿಸಿದರು. ಹದಿನಾಲ್ಕು ಚೆಂಡಿಗೆ ಮೂವರು ಔಟು. ಮುಂದಿನ ಸಾಲಿನ ಗೃಹಸ್ಥ ತಿರುಗಿ, ಇದು ಯಾವ ಪ್ರಾರ್ಥನೆ ಎಂದು ಕೇಳಿದ. "ಬಸ್ಕಿ" ಎಂದರು ಅವ್ವಾರು.

ಈಗ ವಿನ್ನಿಗೆ ಎಪ್ಪತ್ತು ದಾಟಿದೆ. ನೀಲಾಳ ಸುದ್ದಿ ಹೇಳಲು ಫೋನ್ ಮಾಡಿದೆ. ಅವನು ಒಂದರಿಂದ ಹತ್ತರವರೆಗೆ ಕನ್ನಡದಲ್ಲಿ ಎಣಿಸಿ, "ಇಷ್ಟ ಸಲ ಕಂಗ್ರಾಜುಲೇಷನ್ಸ್ ಹೇಳು" ಎಂದ. ಇಂಟರ್‌ವ್ಯೂದಲ್ಲಿ ನೀಲಾಳಿಗೆ ಕೇಳಿದರಂತೆ: ಆಟಗಾರ ನೋವು ಮುಚ್ಚಿಡುತ್ತಾನೆ, ಕೋಚ್ ನಿನ್ನನ್ನು ಕೇಳುತ್ತಾನೆ, ಏನು ಮಾಡುತ್ತೀ? "ಮುಟ್ಟೋ ಮೊದ್ಲೇ ಆಟಗಾರನನ್ನ ಕೇಳಿರ್ತೀನಿ ಅಂದೆ, ಅಜ್ಜಾ. ಯುವರ್ ಕ್ವೆಶ್ಚನ್." ಇದನ್ನು ಕೇಳಿದ ಮೇಲೆ ನನಗೆ ನಿದ್ದೆ ಎಲ್ಲಿ ಬರಬೇಕು.

ನಿನ್ನೆ ಅವಳು ನನ್ನ ಎದುರು ಮೊಣಕಾಲೂರಿ ಕೂತು ನನ್ನ ಬಲ ಭುಜಕ್ಕೆ ಕೈ ಇಡಲು ಬಂದಳು. ನಾನು ಕೆಲವು ದಿನದಿಂದ ಎಡಗೈಯಲ್ಲಿ ಚಹಾ ಕುಡಿಯುತ್ತಿರುವುದನ್ನು ನೋಡಿದ್ದಳು. ಮುಟ್ಟಲಿಲ್ಲ. ಮೊದಲು ಕೇಳಿದಳು, ಮುರುಕು ಕನ್ನಡದಲ್ಲೇ: "ಅಜ್ಜಾ, ಏನಾದ್ರೂ ಸಿಕ್ರೆ ಯಾರಿಗೆ ಹೇಳ್ಲಿ?"

"ನಿಮ್ಮವ್ವಗ ಒಬ್ಬಾಕಿಗೆ ಹೇಳಬ್ಯಾಡ" ಎಂದೆ. "ಡಾಕ್ಟರು, ಸ್ಕ್ಯಾನು ಅಂತ ತಲಿ ತಿಂತಾಳ."

"ಓಕೆ" ಎಂದು ಹೆಬ್ಬೆರಳು ಇಟ್ಟಳು. ಸರಿಯಾದ ಜಾಗದಲ್ಲೇ ಇಟ್ಟಳು. ಅಲ್ಲಿ ಏನು ಸಿಕ್ಕಿತೆಂದು ನನಗಷ್ಟೇ ಹೇಳಿದಳು. ಊಟದ ಹೊತ್ತಿಗೆ ಸಾವಿತ್ರಿ ಕೇಳಿದರೂ ಬಾಯಿ ಬಿಡಲಿಲ್ಲ.

ಈ ಬರಹವನ್ನು ಅವಳಿಗೆ ಓದಿ ಹೇಳುವವಳು ಸಾವಿತ್ರಿ. ಇಲ್ಲಿಗೆ ಬಂದಾಗ ಓದುವುದು ನಿಲ್ಲಿಸಿ ನನ್ನನ್ನು ನೋಡುತ್ತಾಳೆ, ಗೊತ್ತು. ನೋಡಲಿ. ಹೌದು ಮಗಳೇ, ಭುಜ ಮೂರು ವಾರದಿಂದ ಎತ್ತಲಾಗುತ್ತಿಲ್ಲ. ಕೈ ನನ್ನದು, ನಾನೇ ಹೇಳಿದೆ. ಸೋಮವಾರ ಡಾಕ್ಟರ ಹತ್ತಿರ ಕರೆದುಕೊಂಡು ಹೋಗು.